ಅವ್ವನ ಸನ್ನೆ

ಗಾಜಿನೊಳಗಿನ ಹೆಣ್ಣು ಹಾಲಮ್ಮನನ್ನು ಕಂಡೊಡನೆ ತಲೆ ಬಾಗಿಸಿ, ಕೈಗಳನ್ನು ಎತ್ತಿ ಸನ್ನೆಯಲ್ಲಿ ಕೇಳಿದಳು: "ಬನ್ನಿ. ಏನು ತೊಂದರೆ?"

"ಎದೆಯಲ್ಲಿ ಸಂಕಟ," ಎಂದಿತು ಹಾಲಮ್ಮನ ಕೈ.

"ಯಾವಾಗಿನಿಂದ?"

"ಬಹಳ ದಿನ ಆಯಿತು."

ಹಾಲಮ್ಮನಿಗೆ ಯಾವ ಎದೆರೋಗವೂ ಇರಲಿಲ್ಲ. ಕಿವಿಯೂ ಚೆನ್ನಾಗಿ ಕೇಳುತ್ತಿತ್ತು. ಕಿವುಡಿಯ ಹಾಗೆ ದಾವಣಗೆರೆಯ ಆ ದೊಡ್ಡ ಆಸ್ಪತ್ರೆಗೆ ಬಂದು, ಸರದಿಯಲ್ಲಿ ನಿಂತು, ಗಾಜಿನ ಮುಂದೆ ಕೈಯಾಡಿಸಿ ಹೋಗುವುದು ಅವಳ ಇತ್ತೀಚಿನ ಅಭ್ಯಾಸವಾಗಿತ್ತು.

ಗಾಜಿನೊಳಗಿನ ಹೆಣ್ಣಿನ ಹೆಸರು 'ಕೈನುಡಿ'. ರಾಜ್ಯದ ಆಸ್ಪತ್ರೆ, ಕೋರ್ಟು, ಠಾಣೆಗಳಲ್ಲೆಲ್ಲ ಕಿವುಡರೊಡನೆ ಮಾತಾಡಲು ಇಟ್ಟದ್ದು. ಗಣಕದೊಳಗೆ ಮೂರು ಆಯಾಮಗಳಲ್ಲಿ ಕಡೆದ ಬೊಂಬೆ ಅದು. ಮೊದಲು ಬಲೆಯಂತಹ ಟೊಳ್ಳು ಮೈ; ಅದರೊಳಗೆ ಎಲುಬಿನ ಗೂಡು; ಪ್ರತಿ ಎಲುಬಿಗೂ ಕೀಲು; ಮೇಲೆ ಚರ್ಮದ ಬಣ್ಣ. ಇಷ್ಟನ್ನು ಕಾಲೇಜಿನ ಹುಡುಗರೂ ಮಾಡಬಲ್ಲರು. ಕಷ್ಟವಿದ್ದದ್ದು ಅದನ್ನು ಚಲಿಸುವಂತೆ ಮಾಡುವುದರಲ್ಲಿ. ಒಂದೊಂದೇ ಭಂಗಿಯನ್ನು ಜೋಡಿಸಿ ಆಡಿಸಿದಾಗ ಬೊಂಬೆಯ ಬೆರಳುಗಳು ಮರದ ಚಮಚೆಗಳಂತೆ ಕಾಣುತ್ತಿದ್ದವು; ಕಿವುಡರು ನೋಡಿ ನಕ್ಕರು. ಕೊನೆಗೆ ಡಾ. ವಾರಿಜಾ ಕುಡ್ವ ಎಂಬ ವಿಜ್ಞಾನಿ 'ಚಲನಗ್ರಹಣ' ವಿಧಾನದ ಮೊರೆಹೋದರು. ಜೀವಂತ ಮನುಷ್ಯರ ಬೆರಳಿನ ಗೆಣ್ಣುಗಳಿಗೆ ಹೊಳೆಯುವ ಮಣಿಗಳನ್ನು ಅಂಟಿಸಿ, ಅವು ಆಡಿದ್ದನ್ನೆಲ್ಲ ಸುತ್ತಲಿನ ಕ್ಯಾಮೆರಾಗಳಿಂದ ಹಿಡಿದು, ಬೊಂಬೆಯ ಎಲುಬುಗಳಿಗೆ ತುಂಬುವ ವಿಧಾನವದು. ಬೊಂಬೆಯ ಮುಖ ಯಾರದೂ ಅಲ್ಲ, ಸಮಿತಿಯೊಂದು ಕೂತು ಒಪ್ಪಿದ್ದು. ಕೈ ಮಾತ್ರ ಹಾಲಮ್ಮನದು.

ಹಾಲಮ್ಮನ ಅಪ್ಪ, ಅವ್ವ ಇಬ್ಬರೂ ಹುಟ್ಟುಕಿವುಡರು. ಅವ್ವ ಕೊಟ್ರಮ್ಮ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಹಾಲಮ್ಮ ಬಾಯಿಂದ ಕನ್ನಡ ಆಡುವ ಮೊದಲೇ ಕೈಯಿಂದ ಮಾತು ಕಲಿತಿದ್ದಳು. ದೊಡ್ಡವಳಾದ ಮೇಲೆ ಕೋರ್ಟು, ಠಾಣೆ, ಆಸ್ಪತ್ರೆ ಎಂದು ಕರೆದಲ್ಲೆಲ್ಲ ಹೋಗಿ ಕಿವುಡರ ಮಾತನ್ನು ಉಳಿದವರಿಗೆ ತಿಳಿಸಿದಳು. ಕೈನುಡಿ ಬಂದ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಹೆತ್ತವರು ತೀರಿಹೋಗಿದ್ದರು, ಮದುವೆಯ ಗೊಡವೆಗೆ ಅವಳು ಹೋಗಿರಲಿಲ್ಲ. ಕೆಲಸವಿಲ್ಲದೆ ಯಾರ ಮನೆಯ ಬಾಗಿಲನ್ನೂ ತಟ್ಟಿ ಗೊತ್ತಿರದ ಹೆಂಗಸು ಅವಳು. ಒಲೆಯ ಮೇಲೆ ಅನ್ನ ಉಕ್ಕಿದರೆ ಅವಳ ಕೈ ತಾನಾಗಿ ಎದ್ದು ಯಾರಿಗೋ ಹೇಳಲು ಹೋಗುತ್ತಿತ್ತು. ಯಾರೂ ಇಲ್ಲವೆಂದು ತಿಳಿದು, ಸೆರಗಿಗೆ ಒರೆಸಿಕೊಂಡು ಸುಮ್ಮನಾಗುತ್ತಿತ್ತು.

ಅದಕ್ಕೇ ಅವಳು ಗಾಜಿನ ಮುಂದೆ ಬಂದು ನಿಲ್ಲುತ್ತಿದ್ದಳು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಬೊಂಬೆ ಅಂಗೈಯನ್ನು ಬಾಯಿಯ ಹತ್ತಿರ ತಂದು, ಹಗುರವಾಗಿ ಊದಿ, ಎದೆಯ ಮೇಲೆ ಇಟ್ಟುಕೊಳ್ಳುತ್ತಿತ್ತು. ಹೆದರಬೇಡಿ ಎಂದು ಅದರ ಅರ್ಥ. ಅದನ್ನು ಕಂಡ ಮೇಲೆ ಹಾಲಮ್ಮ ಮನೆಗೆ ಹೊರಡುವಳು.

ಒಂದು ಮಧ್ಯಾಹ್ನ ಡಾ. ವಾರಿಜಾ ಅವಳ ಮನೆಗೇ ಬಂದರು.

"ನೀವು ಆಸ್ಪತ್ರೆಗೆ ಬರ್ತಿರೋದು ನನಗೆ ಗೊತ್ತು, ಹಾಲಮ್ಮ. ಅದನ್ನ ಕೇಳೋಕೆ ಬಂದಿಲ್ಲ," ಎಂದು ಅವರು ತಮ್ಮ ಅಂಗೈಯನ್ನು ಒಡ್ಡೊಡ್ಡಾಗಿ ಊದಿ ತೋರಿಸಿದರು. "ಈ ಸನ್ನೆ ಯಾವ ಸನ್ನೆಕೋಶದಲ್ಲೂ ಇಲ್ಲ. ಎಲ್ಲಿಂದ ಬಂತು?"

"ನಮ್ಮವ್ವಂದು ಮೇಡಂ," ಎಂದಳು ಹಾಲಮ್ಮ. "ಭಟ್ಟಿಯಿಂದ ಬಿಸಿ ಮಂಡಕ್ಕಿ ತಂದು ಅಂಗೈ ಮ್ಯಾಲೆ ಇಟ್ಕಂಡು, ಊದಿ ಊದಿ ಕೊಡೋಳು. ಆಮೇಲೆ ನಾನು ಗುಡುಗಿಗೆ ಹೆದ್ರಿದ್ರೂ ಬರೀ ಅಂಗೈನೇ ಊದಿ ಎದೆ ಮ್ಯಾಲೆ ಇಡೋಳು. ಅವ್ವಗೆ ಗುಡುಗು ಎಲ್ಲಿ ಕೇಳಬೇಕು? ನನ್ ಮುಖ ನೋಡಿ ತಿಳ್ಕಂತಿದ್ಲು. ಮಣಿ ಅಂಟಿಸಿ ನೀವು, ಹೆದರಬೇಡಿ ಅಂತ ಹೇಳಿ ಅಂದ್ರಿ. ನನ್ ಕೈಗೆ ಅದೇ ಬಂತು."

ವಾರಿಜಾ ಊದಿದ ಅಂಗೈಯನ್ನು ಮಡಿಲಿಗೆ ಇಳಿಸಿದರು.

"ಅದನ್ನ ತೆಗೀಬೇಕು," ಎಂದರು. "ಹೋದ ತಿಂಗಳು ಒಬ್ಬ ಹೆಂಗಸು, ಈ ಊದೋದು ನೋಡಿ, ಒಳಗೆ ಏನೋ ಸುಡ್ತಾರೆ ಅಂತ ತಿಳಿದು ಆಪರೇಷನ್ ಬಿಟ್ಟು ಓಡಿಹೋದಳು. ಆಸ್ಪತ್ರೆಯಲ್ಲಿ ಒಂದು ಸನ್ನೆಗೆ ಎಲ್ಲರಿಗೂ ಒಂದೇ ಅರ್ಥ ಇರಬೇಕು. ಇದು ಒಂದು ಮನೆಯ ಮಾತು."

"ಆ ಮನೆಯಾಗೆ ಈಗ ನಾನೊಬ್ಬಳೇ ಇರೋದು ಮೇಡಂ. ತೆಗೆದ್ರೆ ಅದು ಇನ್ನೆಲ್ಲೂ ಇರಲ್ಲ."

"ಗೊತ್ತು," ಎಂದರು ವಾರಿಜಾ, ನೆಲ ನೋಡುತ್ತಾ.

ಮುಂದಿನ ವಾರ ಹಾಲಮ್ಮ ಹೋದಾಗ ಬೊಂಬೆ ಕೊನೆಯಲ್ಲಿ ಬೇರೊಂದು ಸನ್ನೆ ಮಾಡಿತು. ಶುದ್ಧವಾದ, ಶಾಲೆಯಲ್ಲಿ ಕಲಿಸುವ ಸನ್ನೆ. ಹಾಲಮ್ಮ ಅಲ್ಲೇ ನಿಂತಿದ್ದಳು. ಹಿಂದಿದ್ದವರು ಭುಜ ಮುಟ್ಟಿ, ಜರುಗು ಎಂದರು. ಅವ್ವ ಸತ್ತ ದಿನ ಬಾರದ ಅಳು ಅಂದು ಆಟೋದಲ್ಲಿ ಬಂತು. ಅವಳು ಮತ್ತೆ ಆ ಕಡೆ ಹೋಗಲಿಲ್ಲ.

ವರ್ಷ ಕಳೆದಿತ್ತು. ವಾರಿಜಾರಿಂದ ಫೋನು ಬಂತು.

"ಹಾಲಮ್ಮ, ನಿಮ್ಮವ್ವನ ಸನ್ನೆ ಮತ್ತೆ ಬಂದಿದೆ. ಆಣೆ ಮಾಡಿ ಹೇಳ್ತೀನಿ, ನಾವು ಹಾಕಿಲ್ಲ."

"ಅಂದ್ರೆ?"

"ಕೈನುಡಿ ಬರೀ ಮಾತಾಡಲ್ಲ, ನೋಡ್ತಾನೂ ಇರುತ್ತೆ. ಎದುರು ನಿಂತವರ ಕೈ ಓದುತ್ತೆ. ತುಂಬಾ ಜನ ಒಂದು ಹೊಸ ಸನ್ನೆ ಬಳಸಿದ್ರೆ ಅದನ್ನ ತಾನೇ ಕಲೀಬೇಕು ಅಂತ ನಾವೇ ವ್ಯವಸ್ಥೆ ಮಾಡಿದ್ವಿ. ಆಸ್ಪತ್ರೆಯಿಂದ ವಾಸಿಯಾಗಿ ಹೋದವರು ಅದನ್ನ ಮನೆಗೆ ಒಯ್ದುಬಿಟ್ಟಿದ್ದಾರೆ. ಬೀದರ್‌ನಲ್ಲಿ ಮಗು ಮಲಗಿಸೋವಾಗ ಊದ್ತಾರೆ. ಚಾಮರಾಜನಗರದಲ್ಲಿ ಮದುಮಗಳಿಗೆ ಊದ್ತಾರೆ. ಈಗ ಅದು ಒಂದು ಮನೆಯ ಮಾತಲ್ಲ, ಕೋಶಕ್ಕೆ ಸೇರಿಸಲೇಬೇಕಾಗಿದೆ."

"ಆ ಬೊಂಬೆ ಕೈ ನಂದೇನಾ ಇನ್ನೂ?"

"ಈ ಸನ್ನೆಯಲ್ಲಿ ಅಲ್ಲ," ಎಂದರು ವಾರಿಜಾ. "ಸಾವಿರಾರು ಕೈಗಳದ್ದು. ಯಾರದು ಅಂತ ಹೇಳೋಕಾಗಲ್ಲ."

ಹಾಲಮ್ಮ ಅಂದೇ ಆಸ್ಪತ್ರೆಗೆ ಹೋದಳು. ಸರದಿಯಲ್ಲಿ ನಿಲ್ಲದೆ, ದೂರದ ಬೆಂಚಿನಲ್ಲಿ ಕೂತು ಗಾಜನ್ನೇ ನೋಡಿದಳು. ಬೊಂಬೆ ಒಬ್ಬ ಮುದುಕನಿಗೆ ಅಂಗೈಯನ್ನು ಎರಡು ಸಲ ಊದಿ, ಕೈಯನ್ನು ತನ್ನ ಎದೆಯ ಮೇಲಿಡದೆ ಅವನತ್ತ ಚಾಚಿತು. ಅವ್ವ ಹಾಗೆ ಮಾಡುತ್ತಿರಲಿಲ್ಲ. ಸರಿಯಾಗಿದೆಯೇ ಎಂದು ನೋಡಲು ಹಾಲಮ್ಮನ ಕೈ ತಾನಾಗಿ ಬಾಯಿಯ ಹತ್ತಿರ ಎದ್ದು, ಒಮ್ಮೆ ಊದಿಸಿಕೊಂಡು, ಎದೆಯ ಮೇಲೆ ಕೂತಿತು.

ಪಕ್ಕದಲ್ಲಿ ಆಪರೇಷನ್ನಿನ ಹಸಿರು ನಿಲುವಂಗಿ ತೊಟ್ಟ ಒಬ್ಬ ಕಿವುಡಿ ಕೂತಿದ್ದಳು. ಮುಖ ಬಿಳಿಚಿತ್ತು. ಹಾಲಮ್ಮನ ಸನ್ನೆ ನೋಡಿ ಅವಳು ಮೊಣಕೈಯಿಂದ ತಿವಿದಳು.

"ತಪ್ಪು ಮಾಡಿದೆ," ಎಂದಳು ಕೈಯಿಂದ. "ಎರಡು ಸಲ ಊದಬೇಕು. ಆಮೇಲೆ ಎದುರಿನವರಿಗೆ ಕೊಡಬೇಕು. ನೀನೇ ಇಟ್ಟುಕೊಂಡರೆ ಅವರ ಭಯ ಹೇಗೆ ಹೋಗುತ್ತೆ?"

ಹಾಲಮ್ಮ ಅವಳನ್ನೇ ನೋಡಿದಳು. ಇದು ನನ್ನ ಅವ್ವನದು ಎಂದು ಹೇಳಲು ಕೈ ಎತ್ತಿ, ಇಳಿಸಿದಳು.

"ಯಾವ ಊರು ನಿಂದು? ನಿಮ್ಮ ಕಡೆ ಹೀಗಾ ಮಾಡೋದು?" ಎಂದು ಆ ಹೆಂಗಸೇ ಕೇಳಿದಳು.

"ಇದೇ ಊರು. ನಮ್ಮ ಓಣಿಯಲ್ಲಿ ಒಬ್ಬಳು ಹೀಗೆ ಮಾಡುತ್ತಿದ್ದಳು."

"ಅವಳಿಗೆ ಯಾರೂ ಸರಿಯಾಗಿ ಕಲಿಸಿಲ್ಲ," ಎಂದು ಆ ಹೆಂಗಸು ನಕ್ಕಳು. "ಎಲ್ಲಿ, ಈಗ ಮಾಡು ನೋಡೋಣ."

ಹಾಲಮ್ಮ ಅಂಗೈಯನ್ನು ಬಾಯಿಯ ಹತ್ತಿರ ತಂದು ಎರಡು ಸಲ ಊದಿದಳು. ಆ ಅಪರಿಚಿತೆಯ ತಣ್ಣನೆಯ ಕೈ ಮುಂದೆ ಬಂದು ಆ ಅಂಗೈಯನ್ನು ಹಿಡಿದುಕೊಂಡಿತು. ದಾದಿ ಬಂದು ಒಳಗೆ ಕರೆದಾಗಲೂ ಅದು ಬಿಡಲಿಲ್ಲ.

"ಇವರು ಯಾರು, ನಿಮ್ಮ ಜೊತೆಯವರಾ?" ಎಂದು ದಾದಿ ಕೇಳಿದಳು.

ಕಿವುಡಿಗೆ ಕೇಳಿಸಲಿಲ್ಲ. ಹಾಲಮ್ಮನಿಗೆ ಕೇಳಿಸಿತು.

"ಹೌದು ರೀ," ಎಂದು ಅವಳು ಎದ್ದು ನಿಂತಳು.