ಡ್ರೈವರ್ ಶಂಕರನ ಕೈಗವಸು

ಭಾನುವಾರ ಸಂಜೆ ನಾಲ್ಕೂವರೆಗೆ ಗುಂಡ್ಲುಪೇಟೆ ಪೊಲೀಸ್ ಠಾಣೆಗೆ ಬಂದ ಪುಟ್ಟಮಲ್ಲಪ್ಪನವರು ದೂರು ಬರೆಸುವುದಕ್ಕೆ ಮೊದಲೇ ಆರೋಪಿಯ ಹೆಸರು ಹೇಳಿಬಿಟ್ಟರು. ಅವರು ಚಾಮರಾಜನಗರದ ಅರಿಸಿನ ವ್ಯಾಪಾರಿ. ಒಬ್ಬನೇ ಮಗ ಸೋಮೇಶ ಬೇಗೂರಿನ ಹೊರಗೆ ಚೆಂಡುಹೂವಿನ ಹೊಲದಲ್ಲಿ ಸತ್ತು ಬಿದ್ದಿದ್ದಾನೆಂದು ಹೂ ಕೀಳುವ ಹೆಂಗಸರು ಕೂಗಿ ಹೇಳಿ ಆಗಿನ್ನೂ ಒಂದು ಗಂಟೆಯಾಗಿತ್ತು.

“ನಮ್ಮ ಡ್ರೈವರ್ ಶಂಕರ ಕೊಂದವ್ನೆ. ಬರ್ಕೊಳಿ.”

“ನೀವು ನೋಡಿದ್ರಾ?” ಇನ್‌ಸ್ಪೆಕ್ಟರ್ ನಾಗರತ್ನ ಕೇಳಿದರು.

“ನೋಡೋದೇನು? ಅವನ ಗ್ಲೌಸು ಕಾರಲ್ಲೇ ಅವೆ, ರಕ್ತ ಮೆತ್ಕೊಂಡು.”

“ಕೊಲ್ಲೋಕೆ ಕಾರಣ?”

“ಹೋದ ವಾರ ಸ್ಟೇರಿಂಗಿಗೆ ಎಲೆ ಅಡಿಕೆ ಸುಣ್ಣ ಮೆತ್ತಿದ್ದ ಅಂತ ನನ್ನ ಮಗ ಅವನ ಕೆನ್ನೆಗೆ ಒಂದು ಬಿಟ್ಟಿದ್ದ. ಬೀದೀಲೇ.” ಪುಟ್ಟಮಲ್ಲಪ್ಪನವರ ದನಿ ಅಲ್ಲಿಗೆ ತಗ್ಗಿತು. “ನೀವೂ ನಮ್ಮೋರೇ ಅಲ್ವೇನವ್ವ. ಕುದೇರಿನೋರು ಅಂದ್ರು.”

ನಾಗರತ್ನ ದೂರು ಬರೆಯುವ ಹಾಳೆ ಹೊರಗೆ ತೆಗೆದರು. ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದಯ್ಯ ದೂರು ಬರೆದುಕೊಂಡರು. ಭಾರತೀಯ ನ್ಯಾಯ ಸಂಹಿತೆಯ ಕಲಂ 103ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ದೂರುದಾರರು ಹೇಳಿದ ಹೆಸರೇ ಬಿತ್ತು: ಶಂಕರ್, ಉಮ್ಮತ್ತೂರು ವಾಸಿ.

ಹೆದ್ದಾರಿಯಿಂದ ಎಡಕ್ಕೆ ಇಳಿಯುವ ಮಣ್ಣು ರಸ್ತೆಯ ಕೊನೆಗೆ ಕಾರು ನಿಂತಿತ್ತು. ಅದರ ಬಲಕ್ಕೆ, ಮುರಿದ ಗಿಡಗಳ ನಡುವೆ ಸೋಮೇಶ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಬದಿ ಒಡೆದು ಒಳಗೆ ಕುಸಿದಿತ್ತು. ಭಾರವಾದ ಕಬ್ಬಿಣದಿಂದ ಐದು ಏಟು, ಅದರಲ್ಲಿ ಮೂರು ಬಿದ್ದ ಮೇಲೆ ಹೊಡೆದದ್ದು ಎಂದು ಮರುದಿನ ಮರಣೋತ್ತರ ಪರೀಕ್ಷೆ ಹೇಳಿತು. ಹಲ್ಲು ಮಣ್ಣಿಗೆ ಕಚ್ಚಿಕೊಂಡಿತ್ತು. ಪ್ಯಾಂಟಿನ ಜಿಪ್ ತೆಗೆದಿತ್ತು. ಮೂತ್ರಕ್ಕೆಂದು ಇಳಿದವನನ್ನು ಬೆನ್ನ ಹಿಂದಿನಿಂದ ಹೊಡೆದಿದ್ದರು. ಡಿಕ್ಕಿಯಲ್ಲಿ ಜಾಕ್ ಇತ್ತು, ವೀಲ್ ಸ್ಪ್ಯಾನರ್ ಇರಲಿಲ್ಲ.

ಸ್ಟೇರಿಂಗಿಗೆ ಕೆನೆಬಣ್ಣದ ಚರ್ಮ ಹೊದಿಸಿತ್ತು. ಈಗ ಅದರ ಎರಡೂ ಬದಿಗೆ ಕಂದು ಪಟ್ಟೆ. ಬೆರಳಚ್ಚು ತಜ್ಞರಿಗೆ ಒಂದು ಗೆರೆಯೂ ಸಿಗಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದರ ಮೇಲೊಂದು ಇಟ್ಟಿದ್ದ ಜೋಡಿ ಕೈಗವಸುಗಳ ಹೊರಮೈಯೆಲ್ಲ ರಕ್ತ. ಮೇಕೆ ಚರ್ಮದ ಹೊದಿಕೆ, ಒಳಗೆ ಕಪ್ಪು ಬಟ್ಟೆ. ಸೋಮೇಶನ ಜೇಬಿನಲ್ಲಿ ಅಂಥದೇ ಇನ್ನೊಂದು ಜೋಡಿ ಸಿಕ್ಕಿತು, ಶುಭ್ರವಾಗಿ ಮಡಚಿದ್ದು.

“ಚರ್ಮಕ್ಕೆ ಬೆವರು ತಾಕಿದ್ರೆ ಕರೆ ಕಟ್ತದೆ ಅಂತ ಕಾರು ಕೊಂಡಾಗಿಂದ ಅವನಿಗೆ ಇದೊಂದು ಗೀಳು,” ಎಂದರು ಪುಟ್ಟಮಲ್ಲಪ್ಪ. “ಗ್ಲೌಸಿಲ್ದೆ ಯಾರೂ ಮುಟ್ಟಂಗಿಲ್ಲ. ತನಗೊಂದು ಜೊತೆ, ಡ್ರೈವರ್‌ಗೊಂದು ಜೊತೆ. ನಾನೇ ಒಂದ್ಸಲ ಮುಟ್ಟಿ ಬೈಸ್ಕೊಂಡಿದ್ದೀನಿ.”

ಪಂಚನಾಮೆ ಮುಗಿಯುವ ಮೊದಲೇ ಉಮ್ಮತ್ತೂರಿನಿಂದ ಫೋನ್ ಬಂತು. ಆ ದಿನ ಬೇಗೂರಿನ ಛತ್ರಕ್ಕೆ ಮದುವೆಗೆಂದು ಬಂದಿದ್ದ ಪುಟ್ಟಮಲ್ಲಪ್ಪನವರ ನೆಂಟರು ಎರಡು ಗಾಡಿಯಲ್ಲಿ ಹೋಗಿ ಶಂಕರನನ್ನು ಮನೆಯಿಂದ ಎಳೆದಿದ್ದರು.

ನಾಗರತ್ನ ಅಲ್ಲಿ ತಲುಪುವ ಹೊತ್ತಿಗೆ ಗಾಡಿಗಳು ಹೋಗಿದ್ದವು. ಶಂಕರ ಜಗಲಿಗೆ ಒರಗಿ ಕೂತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈಯನ್ನು ಜಗಲಿಯ ಕಲ್ಲಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ಕಲ್ಲಿನಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ್ದರು. ಎರಡು ಉಗುರು ಜಗಲಿಯ ಮೇಲೇ ಇದ್ದವು. ಅವನನ್ನು ಜೀಪಿನಲ್ಲಿ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರು. ಶಂಕರ ಪರಿಶಿಷ್ಟ ಜಾತಿಯವನಾದ್ದರಿಂದ ಹಲ್ಲೆಯ ಬಗ್ಗೆ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರತ್ಯೇಕ ಎಫ್‌ಐಆರ್ ಆಯಿತು. ಆ ರಾತ್ರಿ ನಾಗರತ್ನರ ಸೋದರಮಾವನೇ ಫೋನ್ ಮಾಡಿ, ಸತ್ತವರ ಮನೆಯವರ ಮೇಲೇ ಕೇಸಾ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಮೇಲಧಿಕಾರಿಗಳ ಆದೇಶ ಸ್ಪಷ್ಟವಾಗಿತ್ತು. ವೈದ್ಯರು ಬಿಟ್ಟ ಕೂಡಲೇ ಶಂಕರನನ್ನು ಬಂಧಿಸಿ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಬುಧವಾರ ಬಿಡುತ್ತೇವೆ ಎಂದಿದ್ದರು ವೈದ್ಯರು. ಅಲ್ಲಿಯವರೆಗೆ ಬೇರೆ ಹೆಸರು ಸಿಗದಿದ್ದರೆ ಅವನು ಕೊಲೆ ಆರೋಪಿಯಾಗಿ ಜೈಲು ಸೇರುವುದು ಖಂಡಿತ.

“ನಿನ್ನೆ ಎಲ್ಲಿದ್ದೆ?” ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾಗರತ್ನ ಶಂಕರನನ್ನು ಕೇಳಿದರು.

“ಮನೇಲಿ ಮೇಡಂ. ಶುಕ್ರವಾರದಿಂದ ಜ್ವರ. ರಜ ಕೇಳಿದ್ದೆ, ಸೋಮೇಶಣ್ಣನೇ ಕೊಟ್ರು.”

“ಯಾರು ನೋಡಿದ್ದಾರೆ?”

“ನಮ್ಮವ್ವ.”

“ಗ್ಲೌಸು?”

“ನಂದೇ. ಡ್ಯಾಶ್‌ಬೋರ್ಡ್ ಮೇಲಿಟ್ಟು ಬಂದಿದ್ದೆ. ಮನೆಗೆ ತಕ್ಕೊಂಡೋಗಂಗಿಲ್ಲ.”

“ಕಪಾಳಕ್ಕೆ ಹೊಡೆದಾಗ ಸಿಟ್ಟು ಬರಲಿಲ್ವಾ?”

ಶಂಕರ ಒಂದೇ ಕಣ್ಣಿನಲ್ಲಿ ಅವರನ್ನು ನೋಡಿದ. “ಬತ್ತದೆ ಮೇಡಂ. ಬಂದೋರೆಲ್ಲ ಕೊಂದಿದ್ರೆ ಊರಲ್ಲಿ ಯಾರು ಉಳೀತಿದ್ರು?”

ಹೊರಗೆ ಕಾರಿಡಾರಿನಲ್ಲಿ ಅವನ ತಾಯಿ ಸಣ್ಣತಾಯಮ್ಮ ನೆಲದ ಮೇಲೆ ಕೂತಿದ್ದಳು. ಹೊಡೆದವರ ಹೆಸರು ಕೇಳಿದರೆ ಗೊತ್ತಿದ್ದಷ್ಟನ್ನೂ ಹೇಳಿದಳು. ಪುಟ್ಟಮಲ್ಲಪ್ಪನ ಅಳಿಯ ಮಲ್ಲೇಶನೂ ಬಂದಿದ್ದನೆಂದಳು.

“ಅವ್ರೊಬ್ರೇ ಕಣವ್ವ ಕೈ ಮಾಡ್ದೆ ಇದ್ದೋರು. ದೂರ್ವೇ ನಿಂತಿದ್ರು. ನನ್ ಮಗ ಕೈ ಮುಗಿಯಕ್ಕೆ ಅಂತ ಅವ್ರ ತಾವ್ಕೆ ತೆವುಳ್ದ. ಇಂದಕ್ಕೆ ಸರ್ಕಂಡ್ಬುಟ್ರು. ಒಳ್ಳೇವ್ರು, ಒಡೀಲಿಲ್ಲ.”

ನಾಗರತ್ನ ಅಲ್ಲಿಂದ ನೇರವಾಗಿ ಪುಟ್ಟಮಲ್ಲಪ್ಪನವರ ಮನೆಗೆ ಹೋದರು. ಮಲ್ಲೇಶ ಆ ಮನೆಯಲ್ಲೇ ಇರುವ ಅಳಿಯ, ಸೋಮೇಶನ ಅಕ್ಕ ರೂಪಶ್ರೀಯ ಗಂಡ. ನಲವತ್ತರ ಆಸುಪಾಸು. ಸಾವಿನ ಮನೆಯಲ್ಲೂ ಹಣೆಯ ಮೇಲೆ ಮೂರು ಗೆರೆ ವಿಭೂತಿ ಅಚ್ಚುಕಟ್ಟಾಗಿತ್ತು. ಹೇಳಿಕೆಯನ್ನು ಚಿಕ್ಕಮಾದಯ್ಯ ವಿಡಿಯೊ ಮಾಡಿಕೊಂಡರು.

“ಸೋಮೇಶನನ್ನ ಕೊನೇಲಿ ನೋಡಿದ್ದು?”

“ಮದುವೆ ಛತ್ರದ ಹೊರಗೆ. ಅವನು ಸ್ವಲ್ಪ ಕುಡಿದಿದ್ದ. ಗುಂಡ್ಲುಪೇಟೆಗೆ ಹೋಗ್ಬೇಕು, ಗಾಡಿ ಓಡ್ಸು ಭಾವ ಅಂದ. ಹೊರಗೆ ಬಂದ್ರೆ ಶಂಕರ ನಿಂತಿದ್ದ. ಅವನಿಗೆ ಬಿಟ್ಟು ವಾಪಸ್ ಬಂದೆ.”

“ವಾಪಸ್ ಬಂದು?”

“ಊಟ ಮಾಡ್ದೆ.”

“ಕಾರು ಹತ್ತಲೇ ಇಲ್ಲ?”

“ಇಲ್ಲ.”

“ಗ್ಲೌಸು ಮುಟ್ಟಿದ್ರಾ?”

ಅಲ್ಲಿಯವರೆಗೆ ನಿಧಾನವಾಗಿ ಮಾತಾಡುತ್ತಿದ್ದವನ ಮುಖ ಬಿಗಿಯಿತು. “ಅವನ ಗ್ಲೌಸಾ? ಜನ್ಮದಲ್ಲಿ ನಾನು ಅದರೊಳಗೆ ಕೈ ಇಟ್ಟೋನಲ್ಲ ಮೇಡಂ.”

ಮಧ್ಯಾಹ್ನ ವಿಧಿವಿಜ್ಞಾನ ಘಟಕದ ಅಧಿಕಾರಿ ಪಂಚರ ಎದುರು ಕೈಗವಸುಗಳ ಮೊಹರು ಒಡೆದರು. ಹೊರಗಿನ ರಕ್ತದ ಮಾದರಿ ತೆಗೆದಾದ ಮೇಲೆ ಒಳಭಾಗವನ್ನು ಹೊರಳಿಸಿದರು. ಬಲಗೈಯದರಲ್ಲಿ ನಡುವಿನ ಮೂರು ಬೆರಳಿನ ತುದಿಗೆ ಬಿಳಿ ಪುಡಿ ಬೆವರಿನಲ್ಲಿ ಕಲಸಿ ಮೆತ್ತಿಕೊಂಡಿತ್ತು. ಹೆಬ್ಬೆರಳು, ಕಿರುಬೆರಳು ಶುಭ್ರ. ಎಡಗೈಯದರಲ್ಲಿ ಬೆರಳುಗಳಿಗೆ ಏನೂ ಇಲ್ಲ, ಅಂಗೈಯ ನಡುವೆ ಮಾತ್ರ ದುಂಡಗೆ ಅದೇ ಬಿಳುಪು.

“ಸುಣ್ಣ ಇರ್ಬೇಕು ಮೇಡಂ,” ಎಂದರು ಚಿಕ್ಕಮಾದಯ್ಯ. “ಎಲೆ ಅಡಿಕೆ ಹಾಕ್ತಾನಲ್ಲ.”

ನಾಗರತ್ನ ತಮ್ಮ ಎಡ ಅಂಗೈ ನೋಡಿಕೊಂಡರು. ಕುದೇರಿನಲ್ಲಿ ಅವರ ತಾತ ಸ್ನಾನ ಮುಗಿಸಿ ಮಣೆಯ ಮೇಲೆ ಕೂತು, ಬಲಗೈಯ ಮೂರು ಬೆರಳಿನಿಂದ ವಿಭೂತಿ ಧರಿಸಿ, ಎಡ ಅಂಗೈಗೆ ಬಳಿದು, ಅದರ ಮೇಲೆ ಇಷ್ಟಲಿಂಗವನ್ನಿಟ್ಟು ಪೂಜಿಸುತ್ತಿದ್ದರು. ಪೂಜೆಯಾಗದೆ ತುತ್ತು ಮುಟ್ಟುತ್ತಿರಲಿಲ್ಲ. ಉಂಡು ಕೈ ತೊಳೆದ ಮೇಲೆ ಬೂದಿ ಹೋಗುತ್ತಿತ್ತು. ಹಾಗಾದರೆ ಈ ಕೈಗವಸು ತೊಟ್ಟವನು ಪೂಜೆ ಮುಗಿಸಿದ್ದ, ಉಂಡಿರಲಿಲ್ಲ.

ಶಂಕರನಿಗೆ ಫೋನ್ ಮಾಡಿ ಕೇಳಿದರು. ತಮ್ಮದು ಸಿದ್ದಪ್ಪಾಜಿ ಒಕ್ಕಲು, ಹಚ್ಚುವುದು ಧೂಳ್ತವೆಂಬ ಕಪ್ಪು ಬೂದಿ, ಅದೂ ಸೋಮವಾರ ಮಾತ್ರ ಎಂದ. ಸೋಮೇಶ? ಅವನ ಲಿಂಗದ ಕರಡಿಗೆ ದೇವರ ಗೂಡಿನಲ್ಲೇ ಇದೆ, ಮದುವೆಯಾದಾಗಿನಿಂದ ಕಟ್ಟಿಲ್ಲ ಎಂದು ರೂಪಶ್ರೀ ಅಳುತ್ತಲೇ ಹೇಳಿದಳು. ಮನೆಯಲ್ಲಿ ಎರಡು ಹೊತ್ತು ಪೂಜೆ ಮಾಡುವವರು ಯಾರು ಎಂಬುದಕ್ಕೂ ಅವಳೇ ಉತ್ತರ ಕೊಟ್ಟಳು. “ನಮ್ಮ ಯಜಮಾನ್ರು. ನೆಂಟರ ಮನೆಗೋದ್ರೂ ಪೂಜೆ ಚೀಲ ಬಿಡಲ್ಲ.”

ಬೂದಿಯಿಂದ ಯಾರನ್ನೂ ಜೈಲಿಗೆ ಕಳಿಸಲಾಗದು. ಕೈಗವಸಿನ ಒಳಗಿನ ಬೆವರಿನ ಡಿಎನ್‌ಎ ವರದಿಗೆ ವಾರಗಳು ಬೇಕು. ಮಂಗಳವಾರ ಬೆಳಿಗ್ಗೆ ಬೇಗೂರಿನ ಛತ್ರಕ್ಕೆ ಹೋದ ನಾಗರತ್ನ ಕೊಲೆಯ ಮಾತೇ ಎತ್ತಲಿಲ್ಲ. ಕೊಲೆಯೆಂದರೆ ನೆಂಟರು ಬಾಯಿ ಬಿಡುತ್ತಿರಲಿಲ್ಲ, ಅಷ್ಟು ಜನರನ್ನು ಕೇಳಿ ಆಗಲೇ ನೋಡಿದ್ದರು. ಊಟ ಬಡಿಸಿದ ಸಿದ್ದಮಲ್ಲಪ್ಪ ಎಂಬಾತನನ್ನು ಕರೆಸಿ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಎಂದಷ್ಟೇ ಕೇಳಿದರು.

“ಮಲ್ಲೇಶಪ್ನೋರು ಎರಡ್ನೇ ಪಂತೀಲಿ ಕುಂತಿದ್ರು. ಆಗತಾನೆ ಪೂಜೆ ಮುಗುಸ್ಕಂಡು ಬಂದಿದ್ರು. ಪಲ್ಯ ಕೋಸಂಬರಿ ಬಡುಸಿದ್ದೆ, ಅನ್ನ ಇಕ್ಬೇಕು, ಅಷ್ಟೊತ್ಗೆ ಸೋಮೇಶಣ್ಣ ಬಂದ್ರು. ಎದ್ದೇಳು ಭಾವ, ಹೋಗನ ಅಂದ್ರು.”

“ಎದ್ದರಾ?”

“ಉಂಡು ಬತ್ತೀನಿ ಅಂದ್ರು. ಸೋಮೇಶಣ್ಣ ಗ್ಲೌಸ ಎಲೆ ಮಗ್ಗುಲ್ಗೆ ಹಾಕ್ಬುಟ್ಟು, ಹಾಕ್ಕಂಡೇ ಬಾ, ಸ್ಟೇರಿಂಗ್ ಕೊಳೆ ಆಯ್ತದೆ ಅಂದ್ರು. ಇವ್ರು, ಇದು ಅವುಂದಲ್ವಾ ಅಂದ್ರು.”

“ಅದಕ್ಕೆ?”

ಸಿದ್ದಮಲ್ಲಪ್ಪ ಹೇಳಲೋ ಬೇಡವೋ ಎಂದು ಹೆಗಲ ಟವೆಲು ಸರಿಮಾಡಿಕೊಂಡ. “ಅವುನ್ ಕೈನೂ ನಿನ್ ಕೈನೂ ಒಂದೇ ಸೈಜು, ನೋಡೇಬುಡನ ಅಂದು, ಕೈ ಇಡುದು ತಾವೇ ತೊಡುಸುದ್ರು. ಪಂತಿಗೆ ಪಂತಿಯೇ ನಕ್ಬುಡ್ತು. ಬೀಗ್ರು ಎಂಗಸ್ರೂವೆ. ನಾನೂ ನಕ್ಕೆ, ಸುಳ್ಳೇಳ್ಬಾರ್ದು.”

“ವಾಪಸ್ ಬಂದು ಊಟ ಮಾಡಿದ್ರಾ?”

“ಇಲ್ಲ. ಆ ಎಲೆ ನಾನೇ ಎತ್ತಿದ್ದು.”

ಅಂದು ಮಧ್ಯಾಹ್ನ ಮಲ್ಲೇಶನನ್ನು ಠಾಣೆಗೆ ಕರೆತಂದರು. ನಾಗರತ್ನ ಮೊದಲು ಅವನದೇ ವಿಡಿಯೊ ತೋರಿಸಿದರು, ಆಮೇಲೆ ಹೊರಳಿಸಿದ ಕೈಗವಸಿನ ಫೋಟೊ. ಎಡ ಅಂಗೈಯ ದುಂಡು ಗುರುತನ್ನು ಅವನು ಬಹಳ ಹೊತ್ತು ನೋಡಿದ. ಬಡಿಸುವವನ ಹೇಳಿಕೆ ಓದಿ ಮುಗಿಸುವುದರೊಳಗೆ ಬಾಯಿ ಬಿಟ್ಟ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದ್ದರಿಂದ ಅವನು ತೋರಿಸಿದ ಜಾಗಕ್ಕೆ ಪಂಚರನ್ನು ಕರೆದುಕೊಂಡು ಹೋದರು. ಚೆಂಡುಹೂವಿನ ಹೊಲದಿಂದ ಎರಡು ಹೊಲ ಆಚೆ ಪಾಳುಬಾವಿ. ಅಗ್ನಿಶಾಮಕ ದಳದವರು ಇಳಿದು ವೀಲ್ ಸ್ಪ್ಯಾನರ್ ಮತ್ತು ಅದಕ್ಕೆ ಸುತ್ತಿದ ಬಿಳಿ ಅಂಗಿ ಮೇಲೆತ್ತಿದರು. ಸ್ಪ್ಯಾನರಿನ ತಿರುಪಿನ ಸಂದಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಅಂಗಿ ಬಿಸಾಕಿ, ಪೂಜೆಯ ಚೀಲದಲ್ಲಿದ್ದ ಮಡಿ ಶಲ್ಯ ಹೊದ್ದು, ಹೆದ್ದಾರಿಯಲ್ಲಿ ಬಸ್ ಹತ್ತಿ ಮದುವೆ ಮನೆಗೆ ಮರಳಿದ್ದ. ಶಲ್ಯ ಹೊದ್ದವನನ್ನು ಮದುವೆಯಲ್ಲಿ ಯಾರು ಗಮನಿಸಬೇಕು? ಸಂಜೆ ಐದೂ ಮುಕ್ಕಾಲಿಗೆ ಬಂಧನ ದಾಖಲಾಯಿತು.

ಆಸ್ಪತ್ರೆಯಲ್ಲಿ ಸುದ್ದಿ ತಿಳಿಸಿದ್ದು ಚಿಕ್ಕಮಾದಯ್ಯ. ಸಣ್ಣತಾಯಮ್ಮ ಎರಡು ಸಲ ಹೆಸರು ಕೇಳಿದಳು. ನಂಬಲಿಲ್ಲ. ಶಂಕರನ ಬಲಗೈಯ ಎರಡು ಬೆರಳು ಇನ್ನು ಮಡಚಲಾರವು ಎಂದು ವೈದ್ಯರು ಬರೆದುಕೊಟ್ಟಿದ್ದರು. ಹಲ್ಲೆ ಪ್ರಕರಣದಲ್ಲಿ ಏಳು ಮಂದಿಯ ಬಂಧನ ಮರುದಿನ ನಡೆಯಿತು.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮೊದಲು ನಾಗರತ್ನ ಮಲ್ಲೇಶನ ಎದುರು ಇನ್ನೊಮ್ಮೆ ಕೂತರು. ಪ್ರಕರಣಕ್ಕೆ ಇನ್ನೇನೂ ಬೇಕಿರಲಿಲ್ಲ. ಒಂದು ವಿಷಯ ಮಾತ್ರ ಅವರಿಗೆ ಹೊಂದುತ್ತಿರಲಿಲ್ಲ. ಪಾಳುಬಾವಿಗೆ ಹೋಗುವ ದಾರಿಯಲ್ಲಿ ಪಂಪ್‌ಸೆಟ್ಟಿನ ತೊಟ್ಟಿಯ ಬಳಿ ಅವನು ನಿಂತು, ಇಲ್ಲೂ ಸ್ವಲ್ಪ ಹೊತ್ತು ಇದ್ದೆ ಎಂದಿದ್ದ.

“ಅಲ್ಲಿ ಏನು ಮಾಡಿದ್ರಿ?”

“ಕೈ ತೊಳ್ಕೊಂಡೆ. ಮಣ್ಣು ಹಾಕಿ ಉಜ್ಜಿ ತೊಳ್ಕೊಂಡೆ. ಆಮೇಲೆ ಅಲ್ಲೇ ಕೂತು ಮತ್ತೆ ಪೂಜೆ ಮಾಡ್ದೆ.”

“ರಕ್ತ ಹೋಯ್ತಾ?”

“ಕೈಗೆಲ್ಲಿತ್ತು ಮೇಡಂ ರಕ್ತ? ಗ್ಲೌಸ್ ಇತ್ತಲ್ಲ.”

“ಮತ್ತೆ ಏನು ತೊಳೆದಿರಿ?”

ಮಲ್ಲೇಶ ತಲೆ ತಗ್ಗಿಸಿದ. “ಲಿಂಗ ಹಿಡಿದ ಕೈ ಮೇಡಂ. ಅದನ್ನ ಚರ್ಮದೊಳಗೆ ತೂರ್ಸಿದ, ಅಷ್ಟು ಜನರ ಎದುರಿಗೆ. ಒಳಗೆ ಒದ್ದೆ ಇತ್ತು. ಆ ಶಂಕರನ ಬೆವರು. ದಾರಿಯುದ್ದಕ್ಕೂ ಬೆರಳಿಗೆ ಅಂಟ್ತಾನೇ ಇತ್ತು. ಸೋಮೇಶ ಪಕ್ಕದಲ್ಲಿ ಕೂತು ನಗ್ತಾನೇ ಇದ್ದ.”

“ಶಂಕರ ಶುಕ್ರವಾರದಿಂದ ಕಾರು ಮುಟ್ಟಿಲ್ಲ. ಎರಡು ದಿನ ಬಿಸಿಲಲ್ಲಿ ಕಾದ ಗಾಡಿ. ಅದರೊಳಗಿದ್ದ ಗ್ಲೌಸಲ್ಲಿ ಅವನ ಬೆವರು ಎಲ್ಲಿಂದ ಬರುತ್ತೆ?” ನಾಗರತ್ನ ಕೈಗವಸಿನ ಫೋಟೊವನ್ನು ಅವನ ಮುಂದಕ್ಕೆ ಸರಿಸಿದರು. “ಅದು ನಿಮ್ಮದೇ.”

ಅವನು ಬೇಡಿ ಹಾಕಿದ ಕೈಗಳನ್ನು ಮೇಜಿನ ಮೇಲೆ ಅಂಗಾತ ಚಾಚಿ, ಒಂದೊಂದೇ ಬೆರಳನ್ನು ನೋಡಿದ.

“ಇಲ್ಲ ಮೇಡಂ,” ಎಂದ. “ಅವಂದೇ.”