ದಾದಿ ಇಸಿದುಕೊಂಡ ಪಾಸ್‌ಪೋರ್ಟು

"ಆ ನೀಲಿ ಪುಸ್ತಕ ಕೊಡಿಲ್ಲೆ. ನಾ ಇಟ್ಕೋತೀನಿ," ದಾದಿ, ಅಂದರೆ ಅಪ್ಪನ ತಾಯಿ ರಾಜಾಬೀ, ಕೈ ಚಾಚಿದಳು.

ನಿಶಾತ್ ಪಾಸ್‌ಪೋರ್ಟನ್ನು ಕೊಟ್ಟಳು. ಕೊಟ್ಟ ಮೇಲೆ, ಕೊಡಬಾರದಿತ್ತು ಅನಿಸಿತು.

ಅವಳು ಹುಟ್ಟಿ ಬೆಳೆದದ್ದೆಲ್ಲ ಸೌದಿಯ ದಮ್ಮಾಮ್‌ನಲ್ಲಿ. ಮನೆಯಲ್ಲಿ ಆಡುವ ಕನ್ನಡ ಬರುತ್ತಿತ್ತು, ಅಷ್ಟೆ. ದಾದಿಯ ಊರು ತುರ್ವಿಹಾಳಕ್ಕೆ ಬಂದದ್ದು ಇದೇ ಮೊದಲು, ಅಮ್ಮಿಯ ಜೊತೆ, ಶಾಲೆಯ ರಜೆಗೆ. ಅಬ್ಬಾ ಬಂದಿರಲಿಲ್ಲ.

ಈ ದೇಶದ ಮೇಲೆ ಅವಳಿಗೆ ಆಗಲೇ ಅನುಮಾನ. ಏರ್‌ಪೋರ್ಟಿನಲ್ಲಿ ಒಬ್ಬರೇ ಆಫೀಸರ್ ಪ್ರಶ್ನೆ ಕೇಳಿ ಸೀಲು ಒತ್ತಿದ್ದರು. ಇಲ್ಲಿ ಊರಿಗೆ ಊರೇ ಆಫೀಸರು. ಸಿಂಧನೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಯಾರ ಮಗಳು ಎಂದು ಕೇಳಿದ. ಅರ್ಧ ರಸ್ತೆಗೆ ಭತ್ತ ಹರವಿ ಕೂತಿದ್ದ ಹೆಂಗಸು ಎಷ್ಟು ದಿನ ಇರುತ್ತೀ ಎಂದಳು. ಇವರಿಗೆಲ್ಲ ಯಾಕೆ ಬೇಕು?

ಪಕ್ಕದ ಮನೆಯ ಆದಮ್ಮನಂತೂ ಕೆನ್ನೆ ಹಿಂಡಿ, "ಒಂದ ತಿಂಗಳಾ? ನಿನ್ನ ಹೊಳ್ಳಿ ಹೋಗಾಕ ಬಿಡಂಗಿಲ್ಲ ನಾವು," ಎಂದಿದ್ದಳು. ದಾದಿ ನಕ್ಕು ತಲೆಯಾಡಿಸಿದ್ದಳು. ಆ ನಗು ಈಗ ನೆನಪಾಯಿತು.

ಪಾಸ್‌ಪೋರ್ಟ್ ಇಸಿದುಕೊಂಡರೆ ಏನಾಗುತ್ತದೆಂದು ನಿಶಾತ್‌ಗೆ ಗೊತ್ತು. ಅಬ್ಬಾನದು ಅವನು ಕೆಲಸ ಮಾಡುವ ಅಂಗಡಿಯ ಮಾಲೀಕನ ಕಪಾಟಿನಲ್ಲಿತ್ತು. ಮಾಲೀಕ ಕೊಡುವವರೆಗೆ ಅಬ್ಬಾ ಎಲ್ಲಿಗೂ ಹೋಗುವಂತಿರಲಿಲ್ಲ.

ಮರುದಿನ ಅಮ್ಮಿ ಇನ್ನೂ ಮಲಗಿದ್ದಾಗ ನಿಶಾತ್ ಹುಡುಕಿದಳು. ಗೋಡೆಯ ಗೂಡು, ಹಾಸಿಗೆಯ ಕೆಳಗೆ, ಕೊನೆಗೆ ತಗಡಿನ ಟ್ರಂಕು. ಟ್ರಂಕಿನ ಮುಚ್ಚಳ ಧಡ್ಡೆಂದು ಬಿತ್ತು.

"ಏನ್ ಹುಡುಕಾಕತ್ತಿ ಬೇ?" ಬಾಗಿಲಲ್ಲಿ ದಾದಿ.

"ನನ್ನ ಪಾಸ್‌ಪೋರ್ಟ್ ಎಲ್ಲಿ ಮುಚ್ಚಿಟ್ಟಿ? ನಾ ಅಬ್ಬಾನ ಹತ್ರ ಹೊಳ್ಳಿ ಹೋಗ್ಬೇಕು." ಅಳು ಬಂದೇಬಿಟ್ಟಿತು.

ದಾದಿ ಬೈಯಲಿಲ್ಲ. ಅಡುಗೆಮನೆಗೆ ಕರೆದೊಯ್ದು ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದಳು. "ಕೈ ಹಾಕು. ಇನ್ನಾ ಕೆಳಗ."

ಮೊಣಕೈವರೆಗೆ ಅಕ್ಕಿ ತಣ್ಣಗಿತ್ತು. ಬೆರಳಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರಲ್ಲಿ ಹೊಲದ ಪಟ್ಟಾ, ಸತ್ತುಹೋದ ಅಜ್ಜ, ದಾದಾನ ಫೋಟೊ, ಅವುಗಳ ನಡುವೆ ಅವಳ ಪಾಸ್‌ಪೋರ್ಟು.

"ಕಳ್ಳರು ಮದಲ ಟ್ರಂಕ ನೋಡ್ತಾರ," ಎಂದಳು ದಾದಿ. "ಅಕ್ಕಿ ನಾ ದಿನಾ ತಗೀತೀನಿ, ದಿನಾ ಕೈಗೆ ಹತ್ತತೈತಿ. ಇದಕ್ಕ ಕೀಲಿ ಇಲ್ಲ. ಬೇಕಾದಾಗ ತಗೋ."

"ಅಬ್ಬಾಂದಕ್ಕ ಕೀಲಿ ಐತಿ," ನಿಶಾತ್ ಮೂಗು ಒರೆಸಿಕೊಂಡಳು. "ಮಾಲೀಕನ ಹತ್ರ. ದಾದಾ ಸತ್ತಾಗ ಅಬ್ಬಾ ಎಷ್ಟು ಬೇಡ್ಕೊಂಡ. ಕೊಡಲಿಲ್ಲ."

ಡ್ರಮ್ಮಿನಲ್ಲಿ ಅಕ್ಕಿ ಸರಿಮಾಡುತ್ತಿದ್ದ ದಾದಿಯ ಕೈ ಅಲ್ಲೇ ನಿಂತಿತು.

"ರಜಾ ಸಿಗಲಿಲ್ಲ ಅಂದಿದ್ದ," ಎಂದಳು ಮೆಲ್ಲಗೆ. "ಅಪ್ಪನ ಮಣ್ಣಿಗೂ ಬರಲಿಲ್ಲ, ರೊಕ್ಕ ಕಂಡು ನಮ್ಮನ್ನ ಮರೆತ ಅನಕೊಂಡೆ. ಎರಡು ವರ್ಷಾತು, ಅವನ ಜೋಡಿ ಸರಿಯಾಗಿ ಮಾತಾಡಿಲ್ಲ."

ತನ್ನ ಹಾಗೆ ದಾದಿಗೂ ಅನುಮಾನ ಬಂದಿತ್ತು. ತನ್ನದು ಒಂದೇ ರಾತ್ರಿಯದು, ದಾದಿಯದು ಎರಡು ವರ್ಷದ್ದು ಎಂದು ನಿಶಾತ್‌ಗೆ ಅನಿಸಿತು.

ಅವಳು ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿ, ಅಕ್ಕಿಯೊಳಗೆ ಮೊಣಕೈವರೆಗೆ ಒತ್ತಿ ಇಟ್ಟಳು. ಆಮೇಲೆ ಕೈ ಒರೆಸಿಕೊಂಡು ಅಮ್ಮಿಯ ಫೋನ್ ತಂದಳು. ದಾದಿಯ ಬೆರಳಿಗೆಲ್ಲ ಅಕ್ಕಿ ಧೂಳು ಮೆತ್ತಿತ್ತು. ಅದಕ್ಕೇ ಅಬ್ಬಾನ ಹೆಸರನ್ನು ನಿಶಾತ್ ತಾನೇ ಒತ್ತಿ, ಫೋನನ್ನು ದಾದಿಯ ಕಿವಿಗೆ ಹಿಡಿದು ನಿಂತಳು.