ಬಸುರಿಯ ಲೇಹ್ಯ

2003ರ ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಭೇರ್ಯದ ರೈತ ಅಂಕಯ್ಯ ಎಚ್.ಡಿ. ಕೋಟೆ ಠಾಣೆಗೆ ಬಂದು, ಮೈಸೂರಿನ ಆಸ್ಪತ್ರೆಯೊಂದರ ಕಾಗದವನ್ನು ಇನ್‌ಸ್ಪೆಕ್ಟರ್ ಉಮಾಶಂಕರನ ಮೇಜಿನ ಮೇಲಿಟ್ಟ. ಕೂರಿ ಅಂದರೂ ಕೂರಲಿಲ್ಲ.

"ನನ್ ಮಗಳು ಸುಧಾನ ಬೇಗೂರಿಗೆ ಕೊಟ್ಟಿದ್ದೊ. ಮೂರು ದಿನದ ಕೂಸು ಗಾಜಿನ ಪೆಟ್ಟಿಗೇಲಿ ನಡುಗ್ತಾ ಬಿದ್ದದೆ. ಅದರ ಮೈಯಾಗೆ ಗಾಂಜಾ ಅದೆ ಅಂತಾರೆ ಡಾಕ್ಟ್ರು. ಅಳಿಯನೇ ತಿನ್ನಿಸವ್ನೆ."

"ತಿನ್ನಿಸೋದು ಕಂಡಿದ್ರಾ?"

"ಕಂಡಿದ್ರೆ ಇಲ್ಲಿಗ್ಯಾಕೆ ಬತ್ತಿದ್ದೆ? ಅಲ್ಲೇ ಮುಗಿಸ್ತಿದ್ದೆ."

ಅಮಲು ಬರಿಸುವ ವಸ್ತು ತಿನ್ನಿಸಿ ಹಾನಿ ಮಾಡಿದ್ದು ಎಂದು ಕಲಂ 328ರ ಕೆಳಗೆ ಎಫ್‌ಐಆರ್ ಆಯಿತು. ಮಧ್ಯಾಹ್ನವೇ ಉಮಾಶಂಕರ ಮಹಿಳಾ ಪೇದೆ ಸುಂದ್ರಮ್ಮನೊಂದಿಗೆ ಆಸ್ಪತ್ರೆಗೆ ಹೋದ. ಮಗುವಿನ ಮೊದಲ ಮಲದ ಪರೀಕ್ಷೆಯಲ್ಲಿ ಗಾಂಜಾದ ಅಂಶ ಸಿಕ್ಕಿತ್ತು.

"ಮಗು ತಿಂದಿಲ್ಲ, ಸೇದಿಲ್ಲ. ಹೇಗೆ ಬಂತು?"

ಡಾಕ್ಟರಿಗೆ ಪೊಲೀಸರ ಮೇಲೆ ವಿಶ್ವಾಸವಿದ್ದಂತಿರಲಿಲ್ಲ. ನಿಂತೇ ಉತ್ತರ ಕೊಟ್ಟರು. "ತಾಯಿಯ ರಕ್ತಕ್ಕೆ ಸೇರಿದ್ದು ಮಾಸು ದಾಟಿ, ಹೊಕ್ಕುಳಬಳ್ಳಿ ಹಿಡಿದು ಮಗುವಿಗೆ ಹೋಗುತ್ತೆ. ಕೊಬ್ಬಿನಲ್ಲಿ ಕೂತುಕೊಳ್ಳೋ ವಸ್ತು, ಬೇಗ ಇಳಿಯಲ್ಲ. ತೂಕ ಕಡಿಮೆಯಾದದ್ದು ಅದೊಂದರಿಂದಲೇ ಅಂತ ಬರೆದುಕೊಡಲಾರೆ. ಆದರೆ ಇದು ಒಂದು ದಿನದ್ದಲ್ಲ. ತಿಂಗಳುಗಟ್ಟಲೆ ಒಳಗೆ ಹೋಗಿದೆ."

ವಾರ್ಡಿನಲ್ಲಿ ಸುಧಾ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಗಾಂಜಾ ಸೇದ್ತಿದ್ಯೇನಮ್ಮ?"

"ಗಂಡನ ಮನೆಯೋರೂ ಅದ್ನೇ ಕೇಳುದ್ರು. ನೀವೂ ಅದ್ನೇ ಕೇಳಿ."

"ಮತ್ತೇನು ತಿಂತಿದ್ದೆ?"

"ಮುದ್ದೆ, ಸಾರು. ದಿನಾ ಸಂಜೆ ನಮ್ಮತ್ತೆ ಕೊಡೋ ಶುಂಠಿ ಲೇಹ್ಯ. ವಾಂತಿ ನಿಲ್ತದೆ ಅಂತ. ತಿಂದ್ರೆ ಮೈಮೇಲೆ ಎಚ್ಚರ ಇರ್ತಿರ್ಲಿಲ್ಲ."

"ವಾಂತಿ ಯಾವಾಗ ನಿಂತಿತು?"

"ನಾಕನೇ ತಿಂಗ್ಳಲ್ಲಿ."

"ಲೇಹ್ಯ?"

"ನೋವು ಬಂದ ದಿನಾನೂ ಕೊಟ್ರು."

ಮಾರನೆಯ ದಿನ ಹತ್ತೂವರೆಗೆ ಜೀಪು ಬೇಗೂರಿನಲ್ಲಿ ನಿಂತಿತು. ಜಗುಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಂಚರಾಗಿ ಸಹಿ ಹಾಕಲು ಒಬ್ಬರೂ ಬರಲಿಲ್ಲ. ಕೊನೆಗೆ ಬಸ್‌ಸ್ಟಾಪಿನ ಟೀ ಅಂಗಡಿಯಿಂದ ಇಬ್ಬರನ್ನು ಕರೆತರಬೇಕಾಯಿತು.

ಸುಧಾಳ ಗಂಡ ವಸಂತ್ ಬಾಗಿಲಿಗೆ ಅಡ್ಡ ನಿಂತಿದ್ದ. "ಅವಳು ಶುಂಠಿ ಹೊಲದ ಕೂಲಿಯೋರ ಜೊತೆ ಸೇದ್ತಿದ್ಲು. ಬರ್ಕಳಿ."

"ನೋಡಿದೋರು ಯಾರು?"

"ಊರೆಲ್ಲ ಅಂತದೆ."

"ಊರಲ್ಲಿ ಒಬ್ಬನ ಹೆಸರು ಹೇಳು."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಹಿಂದೆ ನಿಂತಿದ್ದ ಅವನ ತಾಯಿ ತಿಮ್ಮಮ್ಮ, "ಬೂಟುಗಾಲಲ್ಲಿ ಅಡಿಗೆ ಮನೆಗೆ ಬರಬ್ಯಾಡಿ" ಅಂದಳು. ಸುಂದ್ರಮ್ಮ ಬೂಟು ಕಳಚಿಟ್ಟು ಒಳಗೆ ಹೋದಳು. ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಒಂದು ಗಾಜಿನ ಬಾಟಲಿಯಿತ್ತು. ಮುಚ್ಚಳ ತೆಗೆದರೆ ಬೆಲ್ಲ, ಶುಂಠಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ.

"ಬಸುರೀರಿಗೆ ಕೊಡೋ ಔಸ್ದಿ ಅದು. ನಮ್ಮತ್ತೆ ಕಾಲದ್ದು," ಅಂದಳು ತಿಮ್ಮಮ್ಮ. "ಅದ್ರಿಂದ ಕೆಟ್ಟದಾಯ್ತದೆ ಅಂತ ನಂಗೇನು ಗೊತ್ತು?"

11.40ಕ್ಕೆ ಪಂಚನಾಮೆ ಮುಗಿಯಿತು. ಅರಗಿನ ಮೊಹರು ಹಾಕಿದ ಬಾಟಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು.

ಗೊತ್ತಿಲ್ಲದೆ ಕೊಟ್ಟವಳಾದರೆ ಕೇಸು ಅಲ್ಲಿಗೇ ನಿಲ್ಲುತ್ತಿತ್ತು. ಉಮಾಶಂಕರ ಅವಳಿಗೆ ಗಾಂಜಾ ಕೊಡುತ್ತಿದ್ದ ಊರಾಚೆಯ ನಾಟಿವೈದ್ಯ ಮಂಟಯ್ಯನನ್ನು ಹಿಡಿದು ಕೂರಿಸಿದ. ಹಿತ್ತಲಲ್ಲಿ ಗಾಂಜಾ ಗಿಡ ಸಿಕ್ಕಿದ್ದರಿಂದ ಅವನ ಮೇಲೆ ಬೇರೆ ಕೇಸಾಗಿತ್ತು. ಮುಚ್ಚಿಡುವಂಥದ್ದು ಅವನಲ್ಲಿ ಉಳಿದಿರಲಿಲ್ಲ.

"ಮೊದ್ಲು ತಿಮ್ಮಮ್ಮ ಒಂಚೂರು ಸೊಪ್ಪು ಇಸ್ಕೊಂಡು ಓಗೋಳು. ದಸರಾ ಕಳೆದ ಮೇಲೆ ಅಮಲೇರೋ ಮೊಗ್ಗೇ ಬೇಕು, ಜಾಸ್ತಿ ಬೇಕು ಅಂದ್ಲು."

"ಯಾಕೆ ಅಂತ ಕೇಳಲಿಲ್ವಾ?"

"ಕೇಳ್ದೆ. ನರ್ಸಮ್ಮ ಬಂದು ಬೈದೋದ್ಲು, ನಿಂಗೂ ಲೆಕ್ಕ ಒಪ್ಪಿಸ್ಬೇಕಾ ಅಂದ್ಲು."

ಆರೋಗ್ಯ ಕೇಂದ್ರದ ನರ್ಸ್ ರಾಣಿ ತನ್ನ ಭೇಟಿಯ ಪುಸ್ತಕ ತೆರೆದಳು. 21-10-2002ರ ಕೆಳಗೆ ಬರೆದಿತ್ತು: ಲೇಹ್ಯದಲ್ಲಿ ಗಾಂಜಾ ಇದೆ. ತಾಯಿಯಿಂದ ಮಗುವಿಗೆ ಹೋಗುವುದೆಂದು ತಿಮ್ಮಮ್ಮನಿಗೆ ತಿಳಿಸಿ, ನಿಲ್ಲಿಸಲು ಹೇಳಿದೆ.

"ಸುಧಾಗೆ ಯಾಕೆ ಹೇಳಲಿಲ್ಲ?"

"ಅವಳು ಮಲಗಿದ್ಲು ಸಾರ್. ಎಬ್ಬಿಸೋಕೆ ಹೋದ್ರೆ ಅತ್ತೆ ಬಿಡಲಿಲ್ಲ. ನನ್ನ ಕಣ್ಣೆದುರೇ ಲೇಹ್ಯಾನ ತಿಪ್ಪೆಗೆ ಸುರಿದ್ರು. ನಂಬಿದೆ."

ಮಾರ್ಚ್ 14ಕ್ಕೆ ವರದಿ ಬಂತು. ಬಾಟಲಿಯಲ್ಲಿದ್ದದ್ದು ಗಾಂಜಾದ ಮೊಗ್ಗು. ಮಧ್ಯಾಹ್ನ ಎರಡಕ್ಕೆ ತಿಮ್ಮಮ್ಮನ ದಸ್ತಗಿರಿಯಾಯಿತು. ಸುಂದ್ರಮ್ಮ ಅವಳನ್ನು ಜೀಪು ಹತ್ತಿಸುವಾಗ ವಸಂತ್ ತಡೆಯಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ.

ಠಾಣೆಯಲ್ಲಿ ಉಮಾಶಂಕರ ನರ್ಸಿನ ಪುಸ್ತಕವನ್ನು ಅವಳ ಮುಂದಿಟ್ಟ. "ಸೊಸೆ ಮೇಲೆ ಅಷ್ಟು ದ್ವೇಷವಾ?"

"ದ್ವೇಸ ಯಾಕೆ? ವಾರಗಿತ್ತಿ ಥರ ಎದುರು ಮಾತಾಡೋಳು, ಅಷ್ಟೇ."

"ಮತ್ತೆ ಗೊತ್ತಾದ ಮೇಲೂ ಯಾಕೆ ಕೊಟ್ರಿ?"

ತಿಮ್ಮಮ್ಮ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮಾತಾಡಿದ್ದು ಇನ್‌ಸ್ಪೆಕ್ಟರನ ಜೊತೆಗಲ್ಲ, ನೆಲದ ಜೊತೆಗೆ.

"ವಸಂತ ಹುಟ್ಟಿದ್ಮೇಲೆ ನಂಗೆ ಒಂದು ಹೆಣ್ಣು ಕೂಸು ಇತ್ತು. ಅದು ಹೊಟ್ಟೇಲಿದ್ದಾಗ ವಾಂತಿ ಜಾಸ್ತಿ. ನಮ್ಮತ್ತೆ ಇದನ್ನೇ ಮಾಡಿಕೊಟ್ಳು. ರುಚಿ ಹತ್ತಿ ನಾನೇ ಕೇಳಿ ಕೇಳಿ ತಿಂದೆ. ಆ ಮಗೀಗೆ ಮಾತೇ ಬರಲಿಲ್ಲ. ನಡಿಗೆ ನೆಟ್ಟಗಾಗಲಿಲ್ಲ. ಆರು ವರ್ಸ ಇತ್ತು. ದೇವ್ರು ಕೊಟ್ಟಿದ್ದೇ ಅಷ್ಟು ಅಂದ್ಕಂಡು ಮಣ್ಣು ಮಾಡ್ದೆ. ಇಪ್ಪತ್ತು ವರ್ಸ ಆದ್ಮೇಲೆ ಆ ನರ್ಸು ಬಂದು, ತಾಯಿ ತಿಂದಿದ್ದು ಹೊಟ್ಟೆ ಒಳಗಿನ ಕೂಸಿಗೆ ಓಯ್ತದೆ ಅಂದ್ಲು."

"ಅದಕ್ಕೇ ನಿಲ್ಲಿಸಬೇಕಿತ್ತು."

"ನಿಲ್ಸುದ್ರೆ ನನ್ನಿಂದ್ಲೇ ಹಂಗಾಯ್ತು ಅಂತ ನಾನು ಒಪ್ಕಂಡಂಗಲ್ವಾ? ಇವಳಿಗೆ ಇನ್ನೂ ಜಾಸ್ತಿ ಹಾಕಿ ತಿನ್ನಿಸ್ತೀನಿ, ಆದ್ರೂ ಕೂಸು ಚೆಂದಾಗಿ ಹುಟ್ಟಿದ್ರೆ ನರ್ಸು ಹೇಳಿದ್ದು ಸುಳ್ಳು ಅಂತ ಆಯ್ತದೆ ಅಂದ್ಕಂಡೆ."

ಉಮಾಶಂಕರನಿಗೆ ಬೈಯಬೇಕೆನಿಸಿತು. ಬದಲಿಗೆ ಹೇಳಿಕೆಯ ಹಾಳೆಯನ್ನು ಎಳೆದುಕೊಂಡ.

"ಆ ಹೆಣ್ಣು ಮಗುವಿನ ಹೆಸರು?"

"ಚಿನ್ನು ಅಂತಿದ್ದೊ."

ಅವನು ಹೇಳಿಕೆಯಲ್ಲಿ ಆ ಹೆಸರನ್ನು ಬರೆದ. ಸುಂದ್ರಮ್ಮ ಮಸಿಪ್ಯಾಡು ಮುಂದಿಟ್ಟಳು. ತಿಮ್ಮಮ್ಮ ಹೆಸರು ಬರೆದ ಸಾಲು ಯಾವುದೆಂದು ಕೇಳಿ, ತೋರಿಸಿದ ಮೇಲೆ, ಅದನ್ನು ಮುಟ್ಟದ ಹಾಗೆ ಕೆಳಗೆ ಹೆಬ್ಬೆಟ್ಟು ಒತ್ತಿದಳು.